ಇಂಪಿ ದೊಡ್ಡಮ್ಮನ ಸ್ನಾನ

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಡೆನ್ಜಿಲ್ ಟ್ರೆವಾರೋ ತನ್ನ ಮನೆಯ ಬಿಸಿನೀರಿನ ಟ್ಯಾಂಕನ್ನು ಕೈಯಾರೆ ಕೆಡಿಸಿದ. ಕೆಡಿಸಿದ ಎಂದರೆ ದೊಡ್ಡ ಮಾತಾಯಿತು. ನೆಲಮಾಳಿಗೆಗೆ ಇಳಿದು, ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಉರಿಯ ಕಾವಲಿಗಿರುವ ತಾಮ್ರದ ತಂತಿಯ ನಟ್ಟನ್ನು ಎರಡು ಸುತ್ತು ಸಡಿಲಿಸಿದ, ಅಷ್ಟೆ. ಆ ನಟ್ಟು ಬಿಗಿಯಾಗಿಲ್ಲದಿದ್ದರೆ ಉರಿ ಹೊತ್ತಿದ ಹಾಗೆ ಮಾಡಿ ಆರಿಹೋಗುತ್ತದೆ, ಗ್ಯಾಸು ತಾನಾಗಿ ನಿಲ್ಲುತ್ತದೆ. ಮೂವತ್ತೊಂದು ವರ್ಷ ಹ್ಯಾನ್ಕಾಕ್ ಊರಿನ ಮನೆಮನೆಗೆ ಟಪಾಲು ಹಂಚಿದವನಿಗೆ ಇಂಥ ವಿದ್ಯೆಗಳು ದಾರಿಯಲ್ಲಿ ಅಂಟಿಕೊಂಡಿರುತ್ತವೆ.

ಇದಕ್ಕೆಲ್ಲ ಕಾರಣ ಇಂಪಿ, ಹೆಂಡತಿ ಮಾರ್ಲಿಸಳ ದೊಡ್ಡಮ್ಮ. ವಯಸ್ಸು ಎಪ್ಪತ್ತೊಂಬತ್ತು. ಪ್ರತಿ ಫೆಬ್ರವರಿಯಲ್ಲಿ ಐರನ್‌ವುಡ್‌ನಿಂದ ಎರಡು ದಿನಕ್ಕೆಂದು ಬರುತ್ತಾಳೆ. ಹೋದ ವರ್ಷದ ಎರಡು ದಿನ ಏಪ್ರಿಲ್ ಎರಡನೇ ವಾರದ ತನಕ ನಡೆದಿತ್ತು. ಅಷ್ಟು ದಿನವೂ ಟಪಾಲು ಕೆಲಸ ಮುಗಿಸಿದ ಮೇಲೆ ಡೆನ್ಜಿಲ್ ಆಕೆಯ ಸಾರಥಿ. ಜಿಲ್ಲೆಯ ಮೂಲೆಮೂಲೆಯ ನೆಂಟರ ಮನೆಗೆ ಕಾರು ಓಡಿಸಬೇಕು, ಸಂಜೆ ಬಂದು ಕುರ್ಚಿಗೆ ಬಿದ್ದರೆ "ಆ ಕುರ್ಚಿ ಕಾಲು ಅಲುಗಾಡ್ತಿದೆ, ಎದ್ದು ಸರಿಮಾಡಬಾರದಾ?" ಎಂದು ಕೇಳಿಸಿಕೊಳ್ಳಬೇಕು.

ಈ ವರ್ಷ ಹಾಗಾಗುವಂತಿರಲಿಲ್ಲ. ಹೋದ ಜೂನ್‌ನಲ್ಲಿ ನಿವೃತ್ತನಾದ ಡೆನ್ಜಿಲ್ ಬೇಸಿಗೆಯಿಡೀ ದೇವದಾರು ಹಲಗೆ ಕೂಡಿಸಿ ಮೀನು ಹಿಡಿಯುವ ಗುಡಿಸಲೊಂದನ್ನು ಕಟ್ಟಿದ್ದ. ಒಳಗೆ ಬೆಂಚು, ಪುಟ್ಟ ಸೌದೆ ಒಲೆ, ಹಿಮದ ಮೇಲೆ ಎಳೆಯಲು ಕೆಳಗೆ ಜಾರುವ ಹಲಗೆ. ನಾಳೆ ಅದನ್ನು ಹೆಪ್ಪುಗಟ್ಟಿದ ಪೋರ್ಟೇಜ್ ಕೆರೆಯ ಮೇಲೆ ಎಳೆದುಕೊಂಡು ಹೋಗಿ, ಮಂಜುಗಡ್ಡೆಗೆ ತೂತು ಕೊರೆದು, ಮಾರ್ಚ್ ಮುಗಿಯುವ ತನಕ ಯಾರ ಮಾತೂ ಕೇಳದೆ ಕೂತುಬಿಡಬೇಕು. ಅವನು ಜೀವನದಲ್ಲಿ ತನಗಾಗಿ ಆಸೆಪಟ್ಟದ್ದೇ ಇದೊಂದನ್ನು.

ದೊಡ್ಡಮ್ಮನ ಮಂಡಿನೋವಿಗೆ ದಿನಾ ಬಿಸಿನೀರಿನ ಸ್ನಾನ ಬೇಕೇ ಬೇಕು. ಇಲ್ಲಿ ಬಿಸಿನೀರಿಲ್ಲದಿದ್ದರೆ ಆಕೆ ಎಸ್ಕನಾಬಾದಲ್ಲಿರುವ ಮಾರ್ಲಿಸಳ ತಂಗಿಯ ಮನೆಗೆ ಹೋಗುತ್ತಾಳೆ. ಡೆನ್ಜಿಲ್‌ನ ಲೆಕ್ಕ ಇಷ್ಟು.

"ಮಾರ್ಲಿಸ್, ಟ್ಯಾಂಕು ಕೈಕೊಟ್ಟಿದೆ ಕಣೆ. ಪ್ಲಂಬರ್‌ಗೆ ಫೋನ್ ಮಾಡ್ದೆ, ಮಂಗಳವಾರದ ತನಕ ಪುರುಸೊತ್ತಿಲ್ವಂತೆ," ಎಂದ ಮುಖ ಸಣ್ಣದು ಮಾಡಿಕೊಂಡು. ಫೋನ್ ಮಾಡಿರಲಿಲ್ಲ.

"ಅಯ್ಯೋ, ದೊಡ್ಡಮ್ಮ ನಾಲ್ಕು ಗಂಟೆ ಬಸ್ಸಿಗೆ ಬರ್ತಿದ್ದಾರಲ್ಲೋ!"

"ನಾನೇ ಎಸ್ಕನಾಬಾಕ್ಕೆ ಬಿಟ್ಟು ಬರ್ತೀನಿ ಬಿಡು. ಹಿಮದ ದಾರಿ, ನಾಲ್ಕು ತಾಸು ಆಗ್ಬಹುದು. ನನಗೇನೂ ಬೇಜಾರಿಲ್ಲ."

ಮಾರ್ಲಿಸ್ ಗಂಡನನ್ನು ಮೆಚ್ಚುಗೆಯಿಂದ ನೋಡಿದಳು. ಮಧ್ಯಾಹ್ನ ಮೆಟ್ಟಿಲ ಹಿಮ ಎತ್ತಿಹಾಕಲು ಹೊರಗೆ ಹೋದಳು. ಪಕ್ಕದ ಮನೆಯ ಮೆಟ್ಟಿಲಲ್ಲಿ ಅದೇ ಕೆಲಸ ಮಾಡುತ್ತಿದ್ದ ಡೆಲ್ಫೀನಾ ಬೆರ್ತೀನಿಗೆ ವಿಷಯ ಹೇಳಿದಳು. ಡೆಲ್ಫೀನಾ ವಿಧವೆ, ಬೀದಿಯ ಎಲ್ಲರ ಕಷ್ಟವೂ ಅವಳಿಗೆ ಸ್ವಂತ. ಅವಳಿಂದ ಸುದ್ದಿ ತಿಳಿದು ಹತ್ತು ನಿಮಿಷದಲ್ಲಿ ಎದುರು ಮನೆಯ ಆರ್ವೋ ಉಪಕರಣಗಳ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಆರ್ವೋ ಶಾಲೆಯ ಬಾಯ್ಲರನ್ನು ಮೂವತ್ತು ವರ್ಷ ನೋಡಿಕೊಂಡವನು. ನಿವೃತ್ತಿಯ ಮೇಲೆ ಕೆಟ್ಟ ಯಂತ್ರ ಸಿಗದೆ ಸೊರಗಿದ್ದ.

"ಬೇಡ ಆರ್ವೋ, ನಿನಗ್ಯಾಕೆ ತೊಂದರೆ," ಎಂದ ಡೆನ್ಜಿಲ್.

"ತೊಂದರೆ ಏನ್ಬಂತೋ!"

"ಬೇಡ ಮಾರಾಯಾ, ನಿಜವಾಗ್ಲೂ."

ಆ ಊರಿನಲ್ಲಿ ಎರಡು ಸಲ ಬೇಡ ಅನ್ನುವುದು ಮರ್ಯಾದೆ. ಮೂರನೇ ಸಲ ಅಂದವರನ್ನು ಯಾರೂ ಕಂಡಿಲ್ಲ. ಡೆನ್ಜಿಲ್ ಬಾಗಿಲು ಬಿಟ್ಟು ಸರಿದ. ಆರ್ವೋ ಬೂಟು ಕಳಚಿಟ್ಟು ನೆಲಮಾಳಿಗೆಗೆ ಇಳಿದೇಬಿಟ್ಟ.

"ನಟ್ಟು ಸಡಿಲ ಕಣೋ! ಬೆರಳಲ್ಲೇ ತಿರುಗ್ತಿದೆ." ಎರಡು ನಿಮಿಷದಲ್ಲಿ ಬಿಗಿಮಾಡಿ, ಉರಿ ಹೊತ್ತಿಸಿ ಎದ್ದ. ಟ್ಯಾಂಕಿನ ಹೊಟ್ಟೆಯಲ್ಲಿ ನೀಲಿ ಜ್ವಾಲೆ ಗುಂಯ್ ಎಂದಿತು. ಡೆನ್ಜಿಲ್‌ಗೆ ಕೆರೆ, ಮೀನು, ಮೌನ ಎಲ್ಲ ಒಟ್ಟಿಗೆ ಆರಿಹೋದ ಹಾಗಾಯಿತು.

"ಆದ್ರೆ ಇದು ಗುಡುಗುಡು ಅನ್ನುತ್ತಲ್ಲ?" ಎಂದ ಆತುರದಲ್ಲಿ. "ರಾತ್ರಿಯೆಲ್ಲ ಅನ್ನುತ್ತೆ."

ಆರ್ವೋನ ಕಣ್ಣುಗಳು ಅರಳಿದವು. "ಅಡೀಲಿ ಗಸಿ ಕೂತಿದೆ. ಖಾಲಿ ಮಾಡಿ ತೊಳೀಬೇಕು. ಎಷ್ಟು ವರ್ಷದ್ದು?"

"ಹದಿನೇಳು."

"ಹದಿನೇಳಾ? ಇಂಥದಕ್ಕೆ ಕೈ ಹಾಕಬಾರದು ಕಣೋ," ಎನ್ನುತ್ತಲೇ ಆರ್ವೋ ಕೈ ಹಾಕಿದ. ಗ್ಯಾಸು ನಿಲ್ಲಿಸಿ, ಬುಡದ ನಲ್ಲಿಗೆ ತೋಟದ ಪೈಪು ಸಿಕ್ಕಿಸಿ ತಿರುಗಿಸಿದ. ತುಕ್ಕುಬಣ್ಣದ ನೀರು ಒಂದು ಬೊಗಸೆಯಷ್ಟು ಬಂದು ನಿಂತಿತು.

ಅಷ್ಟರಲ್ಲಿ ಡೆಲ್ಫೀನಾ ಮಾಂಸ, ಆಲೂಗಡ್ಡೆ ತುಂಬಿದ ಬಿಸಿಬಿಸಿ ಪ್ಯಾಸ್ಟಿಗಳ ತಟ್ಟೆ ಹಿಡಿದು ಇಳಿದು ಬಂದಳು. "ಕಟ್ಟಿಕೊಂಡಿದೆಯಾ? ನಮ್ಮೆಜಮಾನ್ರು ರಬ್ಬರ್ ಸುತ್ತಿಗೇಲಿ ಮೆಲ್ಲಗೆ ತಟ್ಟೋರು ಕಣಪ್ಪಾ. ಮಗೂನ ಬೆನ್ನು ತಟ್ಟಿದ ಹಾಗೆ."

ರಬ್ಬರ್ ಸುತ್ತಿಗೆ ಆರ್ವೋನ ಪೆಟ್ಟಿಗೆಯಲ್ಲೇ ಇತ್ತು. ಆದರೆ ಡೆನ್ಜಿಲ್ ಮೂಲೆಯಲ್ಲಿದ್ದ ಸೌದೆ ಸೀಳುವ ಕಬ್ಬಿಣದ ಸುತ್ತಿಗೆ ಎತ್ತಿಕೊಂಡ. "ಲೋ, ಮೆಲ್ಲಗೆ!" ಎಂದು ಆರ್ವೋ ಕೂಗುವಷ್ಟರಲ್ಲಿ ಒಂದು, ಎರಡು, ಮೂರು ಬಿತ್ತು. ಮೂರನೆಯದಕ್ಕೆ ಟ್ಯಾಂಕಿನ ಮಗ್ಗುಲು ಬಿರಿಯಿತು. ನಲವತ್ತು ಗ್ಯಾಲನ್ ನೀರು ಆರ್ವೋನ ಕಾಲುಚೀಲ ತೋಯಿಸಿ, ಇಸ್ತ್ರಿಗಿಟ್ಟ ಬಟ್ಟೆಯ ಬುಟ್ಟಿಯನ್ನು ತೇಲಿಸಿಕೊಂಡು, ಮಾರ್ಲಿಸ್ ದೊಡ್ಡಮ್ಮನಿಗೆಂದೇ ಹೊಲಿದಿಟ್ಟಿದ್ದ ಕೌದಿಯ ತನಕ ಹೋಯಿತು. ಡೆಲ್ಫೀನಾ ಪ್ಯಾಸ್ಟಿ ತಟ್ಟೆಯನ್ನು ತಲೆಯ ಮೇಲೆ ಹಿಡಿದು ಮೆಟ್ಟಿಲೇರಿದಳು.

ಆರ್ವೋ ಊರಿನ ಅಂಗಡಿಗೆ ಫೋನ್ ಮಾಡಿದ. ಈ ಅಳತೆಯ ಹೊಸ ಟ್ಯಾಂಕು ಮಂಗಳವಾರಕ್ಕೇ ಅಂತೆ. ಡೆನ್ಜಿಲ್ ಗೆದ್ದಿದ್ದ. ಆದರೆ ಮಾರ್ಲಿಸ್ ಒದ್ದೆ ಕೌದಿಯನ್ನು ಹಿಂಡುತ್ತಾ ಕಣ್ಣೊರೆಸಿಕೊಂಡದ್ದನ್ನು ನೋಡಿದಾಗ ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತಾಯಿಯಿಲ್ಲದ ಅವಳನ್ನು ಸಾಕಿದ್ದು ಇಂಪಿಯೇ. ಹೇಳಿಬಿಡಲೇ ಎಂದುಕೊಂಡ. ಆಮೇಲೆ ಕಿಟಕಿಯಾಚೆ ಗುಡಿಸಲು ಕಂಡಿತು, ಕಾರು ಬಿಸಿ ಮಾಡಲು ಹೊರಗೆ ಹೋದ.

ನಾಲ್ಕೂ ಕಾಲಿಗೆ ಇಂಪಿ ದೊಡ್ಡಮ್ಮ ಸಣ್ಣದೊಂದು ಕೈಚೀಲದೊಂದಿಗೆ ಬಂದಿಳಿದಳು. ಕತೆಯೆಲ್ಲ ಕೇಳಿ, ನೆಲಮಾಳಿಗೆಗೆ ಇಣುಕಿ ನೋಡಿ, ಒದ್ದೆಯಾಗಿ ನಿಂತವರನ್ನೂ ನೋಡಿದಳು.

"ಕಾರು ಬಿಸಿ ಮಾಡಿಟ್ಟಿದ್ದೀನಿ ದೊಡ್ಡಮ್ಮ," ಎಂದ ಡೆನ್ಜಿಲ್. "ಎಸ್ಕನಾಬಾಕ್ಕೆ ಈಗ್ಲೇ ಹೊರಟ್ರೆ ಊಟದ ಹೊತ್ತಿಗೆ ಮುಟ್ಟಿಸ್ತೀನಿ. ನಿಮ್ಮ ಮಂಡಿ ಮುಖ್ಯ."

"ನನ್ನ ಮಂಡಿ ಸುಡ್ತು! ನಮ್ಮಮ್ಮ ಹುಟ್ಟಿದ ಊರಲ್ಲಿ ಟ್ಯಾಂಕು ಎಲ್ಲಿತ್ತು? ಕಲ್ಲು ಕಾಯಿಸಿ, ನೀರು ಚಿಮುಕಿಸಿ, ಹಬೇಲಿ ಬೆವರಿಳಿಸಿದ್ರೆ ಮಂಡಿ ತಾನಾಗಿ ಓಡುತ್ತೆ. ಅಂಥ ಹಬೆಮನೆ, ಸೌನಾ, ಒಂದಿದ್ರೆ ಸಾಕು." ಹಾಗೆನ್ನುತ್ತಲೇ ಆಕೆಯ ಕಣ್ಣು ಅಂಗಳದಲ್ಲಿ ಬಾಗಿಲು ತೆರೆದು ನಿಂತಿದ್ದ ಗುಡಿಸಲಿಗೆ ಹೋಯಿತು. "ಅದೇನೋ ಅದು? ದೇವದಾರು ಹಲಗೆ. ಒಳಗೆ ಬೆಂಚಿದೆ. ಒಲೇನೂ ಇದೆ!"

"ಅದು ಮೀನಿಗೆ ದೊಡ್ಡಮ್ಮ..." ಎಂದ ಡೆನ್ಜಿಲ್.

"ಅಳತೆ ಮಾಡಿ ಕಟ್ಟಿದ ಹಾಗಿದೆ!" ಎಂದು ಆರ್ವೋ ಕಾಲುಚೀಲ ಹಿಂಡುವುದನ್ನೂ ಮರೆತು ಹೊರಗೆ ಓಡಿದ. ಕತ್ತಲಾಗುವ ಮೊದಲೇ ಅವನು ಒಲೆಯ ಮೇಲೆ ಕಲ್ಲು ಪೇರಿಸಿದ್ದ, ಗುಡಿಸಲಿನ ಜಾರುವ ಹಲಗೆಗಳನ್ನು ಕಿತ್ತು ಎರಡನೇ ಬೆಂಚು ಮಾಡಿದ್ದ. ಮೀನಿಗಾಗಿ ನೆಲದಲ್ಲಿ ಬಿಟ್ಟಿದ್ದ ತೂತಿಗೆ ಡೆಲ್ಫೀನಾ ಚಾಪೆ ಹಾಸಿದ್ದಳು.

ಇಂಪಿ ದೊಡ್ಡಮ್ಮ ಗುಡಿಸಲಿನ ಒಲೆಯ ಮುಂದೆ ಕೂತು ಕೈಚೀಲದಿಂದ ಒಂದು ಚೀಟಿ ತೆಗೆದಳು. ಡೆನ್ಜಿಲ್‌ನನ್ನು ನೋಡಿ ಅವಳ ಮುಖ ಮೃದುವಾಯಿತು.

"ಇದು ಭಾನುವಾರದ ವಾಪಸ್ ಟಿಕೆಟ್ ಕಣಪ್ಪಾ. ಹೋದ ವರ್ಷ ನಿನಗೆ ತುಂಬಾ ತೊಂದರೆ ಕೊಟ್ಟೆ ಅಂತ ಮನಸ್ಸು ಕೊರೀತಿತ್ತು. ನಿವೃತ್ತನಾಗಿದ್ದೀಯ, ಆರಾಮಾಗಿ ಮೀನು ಹಿಡಿದುಕೊಂಡಿರಲಿ ಅಂತ ಈ ಸಲ ಎರಡೇ ದಿನಕ್ಕೆ ಬಂದೆ. ಈಗ ಮನೆ ಈ ಸ್ಥಿತೀಲಿರೋವಾಗ, ನೀನು ನನಗೋಸ್ಕರ ಇಷ್ಟೆಲ್ಲ ಒದ್ದಾಡಿರೋವಾಗ, ಬಿಟ್ಟು ಹೋಗೋಕೆ ನಾನೇನು ಕಲ್ಲಾ? ಹಿಮ ಕರಗೋ ತನಕ ಇರ್ತೀನಿ."

ಹಾಗೆಂದು ಟಿಕೆಟನ್ನು ಮಡಚಿ ಸೌದೆಯ ಅಡಿಗಿಟ್ಟು, ಬೆಂಕಿಪೊಟ್ಟಣ ಕೊಡು ಎಂದು ಡೆನ್ಜಿಲ್ ಕಡೆಗೆ ಕೈ ಚಾಚಿದಳು.