ಮೂಗಪ್ಪನವರ ಚುಕ್ಕೆ ಚಿಪ್ಪು

ಸೋಪಿನ ಕಾರ್ಖಾನೆಯಲ್ಲಿ ಪರಿಮಳ ಪರೀಕ್ಷಿಸುವ ಮೂಗಪ್ಪನವರಿಗೆ ಆ ಹೆಸರು ಸಹೋದ್ಯೋಗಿಗಳು ಗೇಲಿಗೆ ಇಟ್ಟದ್ದು. ಅವರೋ ಅದನ್ನೇ ಬಿರುದಾಗಿ ಹೊತ್ತು ಮೆರೆಯುತ್ತಿದ್ದರು. ಗಡಿಯಾರ ತಪ್ಪಬಹುದು, ಮ್ಯಾನೇಜರು ತಪ್ಪಬಹುದು, ಈ ಮೂಗು ಮಾತ್ರ ತಪ್ಪುವುದಿಲ್ಲ ಎಂದು ಅವರ ಘೋಷಣೆ!

ಇಂಥವರು ಕಡಲತೀರದಿಂದ ಉಗುರಿನಷ್ಟು ಚುಕ್ಕೆ ಚಿಪ್ಪೊಂದನ್ನು ಆರಿಸಿ ತಂದು, ವರ್ಷಗಳಿಂದ ಕೂಡಿಸಿದ ಚಿಪ್ಪುಗಳ ನಡುವೆ ಷೋಕೇಸಿನಲ್ಲಿ ಅದಕ್ಕೆ ಪಟ್ಟಾಭಿಷೇಕ ಮಾಡಿಸಿದರು. ಅದು ಖಾಲಿಯೆಂದೇ ಅವರ ನಂಬಿಕೆ. ಒಳಗಿದ್ದ ಬಸವನಹುಳು ಬಾಗಿಲು ಮುಚ್ಚಿಕೊಂಡು ಕೂತಿತ್ತು. ಕೂತಲ್ಲೇ ಸತ್ತೂ ಹೋಯಿತು.

ಮನೆಯೆಲ್ಲ ನಾರತೊಡಗಿತು. ಹೆಂಡತಿ ಮೂಗು ಹಿಡಿದುಕೊಂಡು ಷೋಕೇಸಿನತ್ತ ಬೆರಳು ಮಾಡಿದಳು.

"ಆ ಚಿಪ್ಪೇ ಕಣ್ರೀ."

"ನನ್ನ ಮೂಗಿಗೇ ಪಾಠ ಹೇಳ್ತೀಯಾ? ಇದು ಮೋರಿ ನಾತ. ಚಿಪ್ಪಿಂದೇ ಆದ್ರೆ ಇಡೀ ಷೋಕೇಸ್ ನಿಂಗೆ ಬಿಟ್ಟುಕೊಡ್ತೀನಿ, ಹೋಗು!"

ಮೋರಿ ತೊಳೆಸಿದರು. ನಾತ ಜಗ್ಗಲಿಲ್ಲ. ಸೋಫಾವನ್ನು ಬಿಸಿಲಿಗೆ ಎಳೆದರು. ಪಕ್ಕದ ಮನೆಯ ನಾಯಿಯ ಮೇಲೆ ಗೂಬೆ ಕೂರಿಸಿದರು. ನಾಯಿಯ ಯಜಮಾನ ಮಾತು ಬಿಟ್ಟ. ಕೊನೆಗೆ, ಪರಿಮಳ ಬಲ್ಲವರ ಬಾಯಿಂದಲೇ ಚಿಪ್ಪು ನಿರಪರಾಧಿ ಎನ್ನಿಸಿಕೊಂಡು ಬರುತ್ತೇನೆಂದು ಸವಾಲು ಹಾಕಿ, ಅದನ್ನು ಅಂಗಿಯ ಜೇಬಿಗಿಳಿಸಿ ಕಾರ್ಖಾನೆಗೆ ಹೊರಟರು.

ಹೋದೊಡನೆ ಕೆಲಸ ಕಾದಿತ್ತು. ಚಿಪ್ಪು ಮರೆತೇ ಹೋಯಿತು. ಹೊಸ ಗುಲಾಬಿ ಸೋಪನ್ನು ಮೂಗಿಗೆ ಹಿಡಿದರೆ ಕೊಳೆತ ನಾತ! ಇನ್ನೊಂದು ಹಿಡಿದರು, ಅದೂ ಹಾಗೆಯೇ. ಮೂಗಪ್ಪನವರು ಕೆಂಡವಾಗಿ, ಅಂದಿನ ಸೋಪಿಗೆಲ್ಲ 'ರಿಜೆಕ್ಟ್' ಎಂದು ಮೊಹರು ಒತ್ತಿ ಯಂತ್ರಗಳನ್ನೇ ನಿಲ್ಲಿಸಿಬಿಟ್ಟರು. ಮ್ಯಾನೇಜರು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಸೋಪನ್ನು ಮೂಸಿದರು. ಆಮೇಲೆ ಮೂಗಪ್ಪನವರನ್ನು ಮೂಸಿದರು.

"ಸೋಪು ಪಾಸು. ನೀವು ಮನೆಗೆ ಹೋಗಿ ಸ್ನಾನ ಮಾಡಿ."

ಮಾನ ಬೀದಿಪಾಲಾದರೂ ಮೂಗು ಇಳಿಯಲಿಲ್ಲ. ಜೇಬಿನ ಚಿಪ್ಪು ನೆನಪಾಗಿ, ಅದನ್ನು ದಾರಿಯಲ್ಲೇ ಎಸೆದು ಬಂದು ಬಚ್ಚಲು ಸೇರಿದವರು ಒಳಗಿಂದಲೇ ವಾದಕ್ಕೆ ನಿಂತರು. ನಾತ ಇದೆ ಎಂದು ಹಿಡಿದದ್ದು ತಮ್ಮ ಮೂಗು, ಇಲ್ಲ ಎಂದು ತಾವು ಯಾವತ್ತೂ ಅಂದಿಲ್ಲ, ವಿಳಾಸ ಕೊಂಚ ಆಚೀಚೆ ಆಗಿತ್ತು, ಅಷ್ಟಕ್ಕೆಲ್ಲ ಷೋಕೇಸ್ ಬಿಟ್ಟುಕೊಡುವ ಮಾತೇ ಇಲ್ಲ! ಗೆದ್ದೆನೆಂದು ಎದೆಯುಬ್ಬಿಸಿ ಹೊರಬಂದರು.

ಷೋಕೇಸಿನ ತುಂಬ ಹೆಂಡತಿಯ ಪಿಂಗಾಣಿ ಕಪ್ಪುಗಳು ಸಾಲಾಗಿ ಕೂತಿದ್ದವು. ಚಿಪ್ಪುಗಳೆಲ್ಲ ಬಾಗಿಲ ಬಳಿಯ ಬಕೆಟ್ಟಿನಲ್ಲಿದ್ದವು. ಮೂಗಪ್ಪನವರು ಬಾಯಿ ತೆರೆಯುವ ಮುನ್ನವೇ ಅವಳು ಹತ್ತಿರ ಬಂದು, ಥೇಟ್ ಅವರಂತೆಯೇ ಅರೆಗಣ್ಣು ಮುಚ್ಚಿ, ತಲೆ ವಾಲಿಸಿ, ಅವರ ಭುಜ ಮೂಸಿದಳು.

"ರಿಜೆಕ್ಟ್," ಎಂದು ಬಚ್ಚಲ ಬಾಗಿಲು ತೋರಿಸಿದಳು.