ಮೂರು ತಾಲೂಕಿಗೆ ಒಬ್ಬನೇ ನವ್ಯ ಚಿತ್ರಕಾರ

ಕುಂಚ ಹಿಡಿದವನ ಹಿಂದೆ ಫಜೀತಿ ನಡೆದುಕೊಂಡು ಬರುತ್ತದೆ ಅನ್ನುತ್ತಾರೆ. ನನ್ನ ಹಿಂದೆಯಂತೂ ಬಸ್ಸು ಹತ್ತಿಕೊಂಡೇ ಬರುತ್ತಿತ್ತು. ಎಮರ್ಜೆನ್ಸಿ ಮುಗಿದ ಹೊಸತರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲೂಕು ಸೇರಿಸಿದರೂ ನವ್ಯ ಚಿತ್ರಕಾರ ಅಂತ ಇದ್ದವನು ನಾನೊಬ್ಬನೇ. ಎರಡನೆಯವನು ಇರಲೇ ಇಲ್ಲವಾದ್ದರಿಂದ ಮೊದಲ ಸ್ಥಾನ ಯಾವತ್ತೂ ನನ್ನದೇ! ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ, ಆತ್ಮಸಂತೋಷಕ್ಕೆ ಕ್ಯಾನ್ವಾಸು.

ಈ ಆತ್ಮಸಂತೋಷ ನನ್ನ ಮಾವನವರಿಗೆ ಸೇರುತ್ತಿರಲಿಲ್ಲ. ನರಸಿಂಹರಾಜಪುರದಲ್ಲಿ ಅವರದು ಅಕ್ಕಿ ಮಿಲ್ಲು. ಮದುವೆಯಾದ ವರ್ಷವೇ ಹೇಳಿಬಿಟ್ಟರು: "ಅಳಿಯಂದಿರೇ, ನೀವು ತಲೆಯಿಂದ ತೆಗೆದು ಬರೆದ ಒಂದೇ ಒಂದು ಚಿತ್ರವನ್ನು ಯಾರಾದರೂ ತಾವಾಗಿ ಕೇಳಿ ಗೋಡೆಗೆ ಹಾಕಿಕೊಳ್ಳಲಿ. ದೀಪಾವಳಿಯೊಳಗೆ ಆಯಿತೋ, ನೀವು ಕಲಾವಿದರು. ಆಗಲಿಲ್ಲವೋ, ಕುಂಚ ಬಿಸಾಡಿ ಬಂದು ಮಿಲ್ಲಿನಲ್ಲಿ ಕೂರಬೇಕು."

"ಒಪ್ಪಿದೆ!" ಅಂದೆ. ಧೈರ್ಯ ನೋಡಿ ನನ್ನದು! ಒಳಗಿನಿಂದ ಹೆಂಡತಿ, "ಮಿಲ್ಲಿನಲ್ಲಿ ಧೂಳು ಜಾಸ್ತಿ ರೀ, ಮೂಗಿಗೊಂದು ಬಟ್ಟೆ ಈಗಲೇ ಹೊಲಿದಿಡುತ್ತೇನೆ" ಅಂದಳು.

ಗುರುಕೃಪೆ

ಅಷ್ಟು ಧೈರ್ಯ ಬಂದದ್ದು ನನ್ನ ಗುರುಗಳಿಂದ. ಹಿಂದೊಮ್ಮೆ ಕೊಪ್ಪದಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಗೆ ಅವರು ಪರದೆ ಬರೆಯುತ್ತಿದ್ದರು, ನಾನು ಬಣ್ಣ ಕಲಸುತ್ತಿದ್ದೆ. ಘೋರಾರಣ್ಯದ ಪರದೆ ಅರ್ಧವಾಗಿರುವಾಗ ಹಸಿರು ಡಬ್ಬಿ ಖಾಲಿ. ಪೇಟೆಯಲ್ಲಿ ಸಿಕ್ಕಿದ್ದು ನೀಲಿ ಮಾತ್ರ. ಗುರುಗಳು ಹಿಂದೆಮುಂದೆ ನೋಡದೆ ಕಾಡನ್ನೆಲ್ಲ ನೀಲಿ ಮಾಡಿಬಿಟ್ಟರು.

ನಾಟಕದ ದಿನ ರಾಜಕುಮಾರ ರಂಗಕ್ಕೆ ಬಂದು, "ಅಯ್ಯೋ ವಿಧಿಯೇ, ಈ ಘೋರಾರಣ್ಯದಲ್ಲಿ ನಾನೊಬ್ಬನೇ!" ಎಂದು ಎದೆ ಬಡಿದುಕೊಂಡ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಅಳೋದು ಆಮೇಲೆ, ಮೊದಲು ದಡಕ್ಕೆ ಈಜು ಮಾರಾಯ!"

ಗುರುಗಳಿಗೆ ರೋಮಾಂಚನ. "ಕೇಳಿದೆಯಾ? ಬಣ್ಣ ಬದಲಿಸಿದರೆ ಕಾಡೇ ಸಮುದ್ರ ಆಗುತ್ತದೆ. ಇದಕ್ಕೇ ಕಲ್ಪನೆ ಅನ್ನುವುದು!"

ದೊಡ್ಡ ದೊಡ್ಡ ಕಲಾವಿದರ ಮೇಲೆ ಯಾರ್ಯಾರ ಪ್ರಭಾವವೋ. ನನ್ನ ಮೇಲೆ ಆದದ್ದು ಒಂದು ಖಾಲಿ ಡಬ್ಬಿಯ ಪ್ರಭಾವ.

ಶೃಂಗೇರಿಯ ಊಟ

ಮಾವನವರ ಸವಾಲಿಗೆ ಮೊದಲ ದಂಡಯಾತ್ರೆ ಶೃಂಗೇರಿಗೆ. ಅಲ್ಲಿನ ಒಂದು ಹೋಟೆಲಿನ ಯಜಮಾನರು, "ಒಳಗಿನ ಗೋಡೆ ಬೋಳಾಗಿ ಕಾಣ್ತಿದೆ ಮಾರಾಯ್ರೇ, ಎಂತಾದರೂ ಬರೆಯಿರಿ, ನಿಮ್ಮಿಷ್ಟ" ಅಂದರು. ನನ್ನಿಷ್ಟ! ಕೈಗೆ ರೆಕ್ಕೆಯೇ ಬಂತು. ಗೋಡೆ ತುಂಬ ಬಾಳೆಎಲೆ ಊಟ ಬರೆದೆ. ಎಲೆ ಕೆಂಪು, ಅನ್ನ ನೇರಳೆ, ಸಾಂಬಾರು ಗುರುಗಳನ್ನು ನೆನೆದು ಅಪ್ಪಟ ನೀಲಿ. "ಹಸಿದವನ ಒಳಗಣ್ಣಿಗೆ ಊಟ ಕಾಣುವುದೇ ಹೀಗೆ" ಎಂದು ವಿವರಿಸಿದೆ. ಯಜಮಾನರು ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ.

ಮಧ್ಯಾಹ್ನ ಊಟಕ್ಕೆ ಕೂತ ಮೊದಲ ಗಿರಾಕಿ ಗೋಡೆ ನೋಡಿದರು, ತಮ್ಮ ಎಲೆ ನೋಡಿದರು, ಬಡಿಸುವವನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಸತ್ಯ ಹೇಳು ಮಾರಾಯ, ಈ ಸಾಂಬಾರು ಯಾವತ್ತಿನದು?"

ಸಂಜೆಯ ಕಾಫಿ ಹೊತ್ತಿಗೆ ಗೋಡೆಗೆ ಸುಣ್ಣ ಬಿತ್ತು. ನನಗೆ ಕಾಫಿಯೂ ಬೀಳಲಿಲ್ಲ.

ಆರು ಗಜ ಹಿನ್ನೀರು

ಆಮೇಲೊಂದು ದಿನ ನರಸಿಂಹರಾಜಪುರದ ಬಟ್ಟೆ ಅಂಗಡಿ ಸಾಬರು ಬೋರ್ಡು ಬರೆಸಲು ಕೊಪ್ಪಕ್ಕೆ, ನಮ್ಮ ಮನೆಗೆ ಬಂದರು. ಜಗುಲಿಯಲ್ಲಿ ನನ್ನ 'ಹಿನ್ನೀರು' ಚಿತ್ರ ಒಣಗುತ್ತಿತ್ತು. ಭದ್ರಾ ಹಿನ್ನೀರಿನಲ್ಲಿ ಸೂರ್ಯ ಮುಳುಗುವ ಹೊತ್ತು. ಆದರೆ ಚಿತ್ರದಲ್ಲಿ ನೀರೂ ಇಲ್ಲ, ಸೂರ್ಯನೂ ಇಲ್ಲ, ಬರೀ ಅಲೆ ಅಲೆಯಾಗಿ ಬಣ್ಣ. ಸಾಬರು ನಿಂತಲ್ಲೇ ನಿಂತರು.

"ವಾಹ್ ಭಾಯಿ! ಏನು ಬಣ್ಣ, ಏನು ಬಣ್ಣ! ಇದು ನನಗೆ ಬೇಕೇ ಬೇಕು!"

ನಾನು ಒಳಗೆ ಓಡಿದೆ. "ಏಯ್, ನಿಮ್ಮಪ್ಪನಿಗೆ ಟೆಲಿಗ್ರಾಂ ಕೊಡು!" ಅಂದವನೇ ಹೊರಗೆ ಬಂದು ನೋಡಿದರೆ, ಸಾಬರು ಕ್ಯಾನ್ವಾಸಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದಾರೆ.

"ಬಟ್ಟೆ ಸ್ವಲ್ಪ ದಪ್ಪ ಆಯ್ತು ಭಾಯಿ. ವಾಯಿಲ್ ಮೇಲೆ ಹೀಗೇ ಆರು ಗಜ ಬರೆದುಕೊಡಿ, ಸೆರಗು ಮಾತ್ರ ಬೇರೆ ಬಣ್ಣ ಇರಲಿ. ಒಗೆದರೆ ಬಣ್ಣ ಬಿಡಲ್ಲ ತಾನೇ?"

ಮಿಲ್ಲಿನ ಬಾಗಿಲು

ದೀಪಾವಳಿ ಹತ್ತಿರ ಬಂತು. ಸಿಟ್ಟು ನೆತ್ತಿಗೇರಿ, ಒಂದೇ ಉಸಿರಿನಲ್ಲಿ ಒಂದು ಮುಖ ಬರೆದೆ. ಹಸಿರು ಕೆನ್ನೆ, ಕೆಂಡದಂಥ ಮೂರು ಕಣ್ಣು, ಬಾಯಿದ್ದಲ್ಲಿ ಭತ್ತ ಸುರಿಯುವ ಮಿಲ್ಲಿನ ಬಾಯಿ, ಎರಡೂ ಕಿವಿಯಿಂದ ಹಾರುವ ತೌಡು!

ಹೆಂಡತಿ ಬಂದು ನೋಡಿದಳು. "ರೀ... ಇದು ನಮ್ಮಪ್ಪ ಅಲ್ವಾ?"

"ಗುರುತು ಸಿಕ್ಕಿತಾ!"

"ಸಿಗದೆ ಎಂತ? ಬೆಳಿಗ್ಗೆ ಕಾಫಿ ತಡವಾದರೆ ಅವರು ಹೀಗೇ."

ಬಚ್ಚಿಡೋಣ ಅನ್ನುವಷ್ಟರಲ್ಲಿ ಅಂಗಳದಲ್ಲಿ ಜೀಪಿನ ಸದ್ದು. ನನ್ನನ್ನು ಮಿಲ್ಲಿಗೆ ಎತ್ತಿ ಹಾಕಿಕೊಂಡು ಹೋಗಲು ಸಾಕ್ಷಾತ್ ಮಾವನವರೇ! ಒಳಗೆ ಕಾಲಿಟ್ಟವರು ಚಿತ್ರ ಕಂಡು ಎರಡು ಹೆಜ್ಜೆ ಹಿಂದೆ ಸರಿದರು.

"ಅಬ್ಬಬ್ಬಾ! ಎಂತ ರಾಕ್ಷಸ ಮಾರಾಯ್ರೇ ಇದು! ಎದೆ ಝಲ್ ಅಂತು. ನಮ್ಮ ಹೊಸ ಮಿಷನ್ನಿಗೆ ಯಾರ ಕಣ್ಣು ಬಿತ್ತೋ, ಬೆಲ್ಟು ಕಿತ್ತುಹೋಗುವುದೇ ಆಯಿತು. ಬೂದುಗುಂಬಳ ಕಟ್ಟಿದರೂ ನಿಲ್ಲಲಿಲ್ಲ. ದೃಷ್ಟಿ ತೆಗೆಯಲು ಇದೇ ಸರಿ. ಇದನ್ನು ನನಗೆ ಕೊಡಿ, ಮಿಲ್ಲಿನ ಬಾಗಿಲ ಮೇಲೆ ಗೋಡೆಗೆ ಹೊಡೆಸುತ್ತೇನೆ."

ಹೆಂಡತಿ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು.

"ಮಾವ, ನೀವಾಗಿ ಕೇಳುತ್ತಿದ್ದೀರಿ. ಗೋಡೆಗೆ ಹಾಕುತ್ತೀರಿ. ಹಾಗಾದರೆ ನಾನು..."

ಮಾವನವರು ಗಡ್ಡ ಕೆರೆದುಕೊಂಡರು. ಆಡಿದ ಮಾತಿಗೆ ತಪ್ಪುವವರಲ್ಲ. "ಸರಿ ಮಾರಾಯ್ರೇ, ನೀವು ಕಲಾವಿದರೇ. ಬೆಲ್ಟು ಒಂದು ಕಿತ್ತುಹೋಗದಿದ್ದರೆ ಸಾಕು."

ಮರುದಿನ ನಾವೇ ಹೋಗಿ ಮೊಳೆ ಹೊಡೆಸಿದೆವು. ಮಾವನವರು ಚಿತ್ರದ ಕೆಳಗೇ ನಿಂತು ಮುಖ ಅರಳಿಸಿಕೊಂಡು ಮೇಲೆ ನೋಡುತ್ತಿದ್ದರು. ಅಷ್ಟರಲ್ಲಿ ಭತ್ತದ ಗಾಡಿಯೊಂದು ಬಂತು. ಗಾಡಿಯ ರೈತ ಇಳಿದು ತಲೆ ಎತ್ತಿದ, ಗಾಬರಿಯಿಂದ ಮುಂಡಾಸು ತೆಗೆದ, ಚಿತ್ರಕ್ಕೆ ಕೈ ಮುಗಿದ.

"ನಮಸ್ಕಾರ ಯಜಮಾನ್ರೇ, ತಡ ಆಯ್ತು, ಬಯ್ಯಬೇಡಿ. ಎತ್ತಿಗೆ ಕಾಲು ನೋವು."

"ಏಯ್, ಎಲ್ಲಿ ನೋಡ್ತೀಯ ಮಾರಾಯ?" ಮಾವನವರು ಕೂಗಿದರು. "ನಾನು ಇಲ್ಲಿದ್ದೇನೆ!"

ಅವನು ಮೇಲಿನ ಮುಖ ನೋಡಿದ, ಕೆಳಗಿನ ಮುಖ ನೋಡಿದ.

"ಓ! ತಪ್ಪಾಯ್ತು ಯಜಮಾನ್ರೇ. ಇಲ್ಲಿ ನಗ್ತಾ ನಿಂತಿದ್ದೀರಲ್ಲ, ಅದಕ್ಕೇ ಗುರುತು ಸಿಗಲಿಲ್ಲ!"