ಆಸ್ರಿಗೆ ಮತ್ತು ಆಸರೆ

ನಮ್ಮತ್ತೆ ಉದ್ಯಮಿಯಾದದ್ದು ಪೂರ್ತಿ ಸರ್ಕಾರದ ತಪ್ಪು! ಹಲಸಿನ ಹಪ್ಪಳ ಮಾಡಿ ಬಂದಬಂದವರಿಗೆಲ್ಲ ಕರಿದು ಹಾಕುತ್ತ ಸುಖವಾಗಿದ್ದವಳಿಗೆ, ಘಟಕ ಹಾಕಿದರೆ ಯಂತ್ರಕ್ಕೆ ಸಬ್ಸಿಡಿ, ಸಾಲದ ಬಡ್ಡಿಗೆ ರಿಯಾಯಿತಿ, ಕರೆಂಟಿನ ತೆರಿಗೆಗೆ ವಿನಾಯಿತಿ ಎಂದು ಆಸೆ ಹುಟ್ಟಿಸಿದವರಾರು? ಅತ್ತೆಗೆ ಬೇಕಾದದ್ದು ಹಪ್ಪಳ ಒಣಗಿಸುವ ಯಂತ್ರ. ಅದಿದ್ದರೆ ಮಳೆ ಹಿಡಿದ ಮೇಲೂ ನಮ್ಮೂರು ಮನ್ಮನೆಯ ಹೆಂಗಸರಿಗೆ ಕೆಲಸ. ಬ್ಯಾಂಕು ಸಾಲ ಕೊಟ್ಟಿತು, ಯಂತ್ರ ಬಂತು. ಅಧಿಕಾರಿ ಬಂದು ನೋಡಿ, ಘಟಕ ನಡೆಯುತ್ತಿದೆ ಎಂದು ಬರೆದರೆ ಸಬ್ಸಿಡಿ. ಇಲ್ಲವಾದರೆ ಯಂತ್ರ ಮಾರಿ ಸಾಲ ತೀರಿಸುವುದೇ ಗತಿ.

ಆದರೆ ಅತ್ತೆಗೊಂದು ರೋಗ. ಮೆಟ್ಟಿಲು ಹತ್ತಿದವರು ಮೀಟರ್ ನೋಡುವವರಿರಲಿ, ಕಳೆದುಹೋದ ಎಮ್ಮೆ ಹುಡುಕಿ ಬಂದವರಿರಲಿ, "ಆಸ್ರಿಗೆ ಎಂತ ಆಗ್ಲಿ?" ಎಂದು, ಬಾಯಾರಿಕೆಗೇನು ಬೇಕೆಂದು ಕೇಳಲೇಬೇಕು. ಒಮ್ಮೆ ರಾಂಗ್ ನಂಬರಿನವನಿಗೂ ಕೇಳಿದ್ದಳು!

ಹಾವೇರಿ ಕಡೆಯ ಆ ಅಧಿಕಾರಿಗೂ ಅದೇ ಪ್ರಶ್ನೆ.

"ಆಸರೆ ಕೊಡೋರು ನಾವ್ರಿ ಅವ್ವಾರ, ನೀವಲ್ಲ," ಎಂದರು ಪಾಪ.

ಅವರಿಗೆ ಅರ್ಥವಾಗುವಷ್ಟರಲ್ಲಿ ಮುಂದೆ ಕಷಾಯ, ಬಾಳೆಲೆಯ ತುಂಬ ಹಪ್ಪಳ. ಜೀಪಿನ ಡ್ರೈವರಿಗೂ ಸಮಾರಾಧನೆ. ಅಧಿಕಾರಿ ಕೈ ತೊಳೆದು, "ಮಾಲು ತೋರಸ್ರಿ," ಎಂದರು.

"ಅದನ್ನೇ ಈಗ ತಿಂದ್ರಲ್ಲ!" ಎಂದಳು ಅತ್ತೆ.

ತೋರಿಸಲೆಂದೇ ಕಟ್ಟಿಟ್ಟ ಪ್ಯಾಕೆಟ್ಟುಗಳೆಲ್ಲ ಎಣ್ಣೆಗೆ ಬಿದ್ದಿದ್ದವು. ಅಧಿಕಾರಿ ತಲೆ ಕೆರೆದುಕೊಂಡರು. "ಮತ್ತೊಮ್ಮೆ ಬರ್ತೇನ್ರಿ. ಆವಾಗ ಏನೂ ಕೊಡಬ್ಯಾಡ್ರಿ. ತಪಾಸಣಿಗೆ ಬಂದಾವ್ರು ತಿಂದ್ರ ತಪ್ಪಾಕ್ಕತಿ."

ಎರಡನೆಯ ಸಲಕ್ಕೆ ಹೆಂಗಸರೆಲ್ಲ ಸೇರಿ ಅತ್ತೆಯಿಂದ ಆಣೆ ಮಾಡಿಸಿದರು. "ಸರ್ಕಾರ ತೆರಿಗೆನೇ ಬಿಡ್ತು, ನಿಂಗೆ ಒಂದಿನ ಆಸ್ರಿಗೆ ಬಿಡಲಾಗ್ತಿಲ್ಯ?" ಎಂದು ನಾನೂ ಛೇಡಿಸಿದೆ. ಅತ್ತೆ ನಗಲಿಲ್ಲ.

ಅಧಿಕಾರಿ ಬಂದರು. ಯಂತ್ರ ಓಡಿಸಿ ನೋಡಿದರು, ಮಾಲು ನೋಡಿದರು, ಸಹಿ ಹಾಕಿದರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕಂಬಕ್ಕೆ ಆತು ನಿಂತೇ ಇದ್ದಳು. ಅವರು ಅಂಗಳಕ್ಕಿಳಿದರು. ನಾವೆಲ್ಲ ಗೆದ್ದೆವೆಂದು ತಿರುಗಿದರೆ, ಅತ್ತೆಯ ಕಣ್ಣಲ್ಲಿ ನೀರು.

"ಬಾಗ್ಲಿಗೆ ಬಂದವಕ್ಕೆ ನೀರು ಬೇಕಾ ಕೇಳಿದ್ನಿಲ್ಲೆ. ಹಿಂಗಾಗೋದಾದ್ರೆ ಈ ಘಟಕ ಎಂತಕ್ಕೆ ತಮಾ?"

ನನಗೆ ಛೇಡಿಸಿದ್ದಕ್ಕೆ ನಾಚಿಕೆಯಾಯಿತು.

ಜೀಪು ಹೊರಡುವ ಸದ್ದು ಮಾತ್ರ ಕೇಳಲಿಲ್ಲ. ಅಧಿಕಾರಿ ಕಾಗದಗಳನ್ನು ಜೀಪಿನಲ್ಲಿಟ್ಟು, ಕೊರಳ ಗುರುತಿನ ಚೀಟಿ ತೆಗೆದು ಜೇಬಿಗೆ ಹಾಕಿಕೊಂಡು ಮತ್ತೆ ಮೆಟ್ಟಿಲು ಹತ್ತುತ್ತಿದ್ದರು. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು.

"ಸರ್ಕಾರದ ಆಸರೆ ಮುಗೀತ್ರಿ ಅವ್ವಾರ. ಈಗ ನಿಮ್ಮದು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂತ ಆಗ್ಲಿ?"